ಎರಡು ಸುತ್ತು ಜಾಯಿಕಾಯಿ

ಠಾಣೆಯ ಜಾಂಭಳಿ ನಾಕಾ ಮಾರ್ಕೆಟ್ಟಿನಲ್ಲಿ ಕಾಷ್ಠೌಷಧಿ ಅಂಗಡಿಗಳಿವೆ. ಮೈಸೂರು ಕಡೆಯವರು ಗ್ರಂಧಿಗೆ ಅಂಗಡಿ ಅನ್ನುತ್ತಾರಲ್ಲ, ಅದೇ. ಅಲ್ಲಿ ಹೋಗಿ ‘ಬಾಳಗುಟಿ’ ಅಂತ ಕೇಳಿದರೆ ಅಂಗಡಿಯವನು ಮಗು ಎಷ್ಟು ತಿಂಗಳಿನದು ಎಂದಷ್ಟೇ ವಿಚಾರಿಸಿ, ಒಂದು ಪೊಟ್ಟಣ ಕಟ್ಟಿ ಕೊಡುತ್ತಾನೆ. ಬಿಚ್ಚಿ ನೋಡಿದರೆ ಒಣಗಿದ ಬೇರು, ಕಾಯಿ, ಕೊಂಬುಗಳ ಒಂದು ಗುಂಪು: ಬಜೆ, ಅರಿಶಿನ ಕೊಂಬು, ಒಣಶುಂಠಿ, ಅಳಲೆಕಾಯಿ, ಮಾಚಿಕಾಯಿ, ಅತಿಮಧುರ, ಅತಿವಿಷ, ಹಿಪ್ಪಲಿ, ತಿರುಚಿಕೊಂಡ ಹಗ್ಗದ ಹಾಗಿರುವ ಮುರುಡಶೆಂಗಿ, ಒಂದು ಬಾದಾಮಿ, ಒಂದು ಉತ್ತತ್ತಿ, ಮತ್ತು ಜಾಯಿಕಾಯಿ. ನಮ್ಮ ಧಾರವಾಡದ ಕಡೆಯೂ ಹೆಚ್ಚುಕಡಿಮೆ ಇದೇ ಸಾಮಾನು. ಇವನ್ನು ಸಾಣೆಕಲ್ಲಿನ ಮೇಲೆ ತಾಯಿಯ ಹಾಲಿನಲ್ಲೋ ಕಾಯಿಸಿ ಆರಿಸಿದ ನೀರಿನಲ್ಲೋ ಒಂದೊಂದಾಗಿ ತೇದು, ಬಂದ ಗಂಧವನ್ನು ಬೆರಳಿನಿಂದ ಬಳಿದು ಕೂಸಿನ ನಾಲಿಗೆಗೆ ಹಚ್ಚುತ್ತಿದ್ದರು. ಹೊಟ್ಟೆನುಲಿತಕ್ಕೆ ಒಂದು, ಕೆಮ್ಮಿಗೆ ಒಂದು, ರಾತ್ರಿ ಸರಿಯಾಗಿ ಮಲಗಲಿ ಎಂದು ಜಾಯಿಕಾಯಿ.

‘ನಮ್ಮ ಹಿತ್ತಲಿನ ಮದ್ದು’ ಎಂದು ನಾವು ಅಭಿಮಾನದಿಂದ ಹೇಳುವ ಈ ಪೊಟ್ಟಣದಲ್ಲಿ ಹಿತ್ತಲಿನದು ಎನ್ನಬಹುದಾದದ್ದು ಅರಿಶಿನ, ಶುಂಠಿ, ಬಜೆ ಇಷ್ಟೇ. ಮಾಚಿಕಾಯಿ ಕಾಯಿಯೇ ಅಲ್ಲ. ಪಶ್ಚಿಮ ಏಷ್ಯಾದ ಓಕ್ ಮರದ ಟೊಂಗೆಯಲ್ಲಿ ಹುಳವೊಂದು ಮೊಟ್ಟೆ ಇಟ್ಟಾಗ ಏಳುವ ಗಂಟು ಅದು. ಅತಿವಿಷ ಹಿಮಾಲಯದ್ದು. ಉತ್ತತ್ತಿ ಅರಬರ ನಾಡಿನದು. ಬಾದಾಮಿ ಒಂದು ಕಾಲಕ್ಕೆ ಕಾಬೂಲಿನಿಂದ ಬರುತ್ತಿತ್ತು, ಈಗ ಹೆಚ್ಚಾಗಿ ಕ್ಯಾಲಿಫೋರ್ನಿಯಾದಿಂದ ಬರುತ್ತದೆ. ನಮ್ಮ ಸಾಫ್ಟ್‌ವೇರ್ ಆರ್ಡರುಗಳು ಬರುವ ಊರಿನಿಂದಲೇ ಕೂಸಿನ ಗುಟ್ಟಿಯ ಬಾದಾಮಿಯೂ ಬರುತ್ತಿದೆ ಎಂದಾಯಿತು.

ಇವೆಲ್ಲಕ್ಕಿಂತ ರಕ್ತಸಿಕ್ತ ದಾರಿಯಲ್ಲಿ ಬಂದದ್ದು ಜಾಯಿಕಾಯಿ. ಹದಿನೆಂಟನೇ ಶತಮಾನದ ಕೊನೆಯವರೆಗೂ ಜಗತ್ತಿನ ನಿಜವಾದ ಜಾಯಿಕಾಯಿ ಬಹುಮಟ್ಟಿಗೆ ಇಂಡೋನೇಷ್ಯಾದ ಬಾಂಡಾ ಎಂಬ ಅಂಗೈಯಗಲದ ದ್ವೀಪಗಳದ್ದೇ. 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ಪೀಟರ್ಸೂನ್ ಕೂನ್ ಆ ದ್ವೀಪಗಳನ್ನು ಹಿಡಿದ. ಅಲ್ಲಿನ ಬಹುಪಾಲು ಜನರು ಕೊಲೆಗೆ, ಹಸಿವಿಗೆ, ಗುಲಾಮಗಿರಿಗೆ ಬಲಿಯಾದರು. ಇಂಗ್ಲಿಷರ ವಶದಲ್ಲಿದ್ದ ರುನ್ ಎಂಬ ಒಂದು ಜಾಯಿಕಾಯಿ ದ್ವೀಪದ ಹಕ್ಕನ್ನು ಡಚ್ಚರು 1667ರ ಬ್ರೆಡಾ ಒಪ್ಪಂದದಲ್ಲಿ ಖಾಯಂ ಮಾಡಿಕೊಂಡಾಗ, ಇಂಗ್ಲಿಷರಿಗೆ ಉಳಿದದ್ದು ಈಗ ನ್ಯೂಯಾರ್ಕ್ ಇರುವ ಮ್ಯಾನ್‌ಹಟನ್. 1796ರಲ್ಲಿ ಇಂಗ್ಲಿಷರು ಬಾಂಡಾಕ್ಕೆ ನುಗ್ಗಿ ಸಸಿಗಳನ್ನು ಹೊರತಂದ ಮೇಲೆಯೇ ಅದು ಪೆನಾಂಗ್, ದಕ್ಷಿಣ ಭಾರತ, ಮುಂದೆ ಗ್ರೆನೆಡಾ ಎಂದು ಹರಡಿದ್ದು. ಶಿರಸಿ, ಪುತ್ತೂರು ಕಡೆಯ ಅಡಿಕೆ ತೋಟಗಳಲ್ಲಿ ಇಂದು ಕಾಣುವ ಜಾಯಿಕಾಯಿ ಮರಗಳು ಆ ಸಂತತಿಯವು. ನಮ್ಮ ಘಟ್ಟದಲ್ಲೇ ಹುಟ್ಟಿದ ಅದರ ದಾಯಾದಿ ರಾಮಪತ್ರೆ. ಅದರ ಒಳಬಳಗದ ಮರಗಳು ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಬೇರುಗಳನ್ನು ಮೊಣಕಾಲಿನಂತೆ ಮೇಲೆತ್ತಿ ನಿಂತಿವೆ. ಆದರೆ ಗುಟ್ಟಿಗೆ ಬೇಕಾದದ್ದು ರಾಮಪತ್ರೆಯಲ್ಲ, ಬಾಂಡಾದ ಕಾಯಿಯೇ.

ಮಗಳು ಹುಟ್ಟಿದಾಗ ಅವ್ವ ಧಾರವಾಡದಿಂದ ಮಾಜಿವಾಡಾಕ್ಕೆ ಬರುವಾಗ ಸಾಣೆಕಲ್ಲನ್ನು ಸೀರೆಯಲ್ಲಿ ಸುತ್ತಿಕೊಂಡು ತಂದಿದ್ದಳು. ಮಗಳಿಗೆ ಎಂಟು ತಿಂಗಳು ತುಂಬಿದ ಮೇಲೆ ನನ್ನ ಹೆಂಡತಿ ಅದರ ಮುಂದೆ ಕೂತು, ಅವ್ವ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು. “ಬಜೆ ಒಂದ ಸುತ್ತು. ಅಳಲಿಕಾಯಿ ಮೂರು. ಜಾಯಿಕಾಯಿ ಎರಡ ಸುತ್ತು ಅಷ್ಟ ನೋಡವಾ, ಮೂರನೇದ್ದು ಬ್ಯಾಡ.” ಯಾಕೆ ಬೇಡ ಎಂದು ನಾನು ಕೇಳಿದ್ದಕ್ಕೆ, “ಕೂಸು ಮಂಪರ ಆಗತೈತಿ” ಎಂದಳು. ಮರಾಠಿ ಮನೆಗಳಲ್ಲಿ ಈ ಸುತ್ತಿಗೆ ‘ವೇಢಾ’ ಎನ್ನುತ್ತಾರೆ. ಪಕ್ಕದ ಫ್ಲ್ಯಾಟಿನ ಅಜ್ಜಿಯೂ ವೇಢಾ ಎಣಿಸಿಯೇ ಮೊಮ್ಮಗನಿಗೆ ಕೊಟ್ಟದ್ದು.

ಈ ಸುತ್ತು ಎಂಬ ಅಳತೆಯ ಬಗ್ಗೆ ನನಗೆ ಬಹಳ ಗೌರವ. ಗಟ್ಟಿ ಕಾಯಿಯೊಂದನ್ನು ಒದ್ದೆ ಕಲ್ಲಿನ ಮೇಲೆ ಒಮ್ಮೆ ಸುತ್ತಿಸಿದರೆ ಬರುವುದು ಕೆಲವೇ ಮಿಲಿಗ್ರಾಂ. ಜಾಯಿಕಾಯಿಯಲ್ಲಿ ಮಿರಿಸ್ಟಿಸಿನ್ ಎಂಬ ಅಂಶವಿದೆ. ದೊಡ್ಡವರೇ 5 ಗ್ರಾಮಿನಷ್ಟು ತಿಂದರೆ ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು, ಇಲ್ಲದ್ದು ಕಾಣುವುದು ಎಲ್ಲ ಆಗುತ್ತದೆ. ಒಂದು ಮಧ್ಯಮ ಗಾತ್ರದ ಕಾಯಿಯೇ ಅಷ್ಟು ತೂಗುತ್ತದೆ. ಕಲ್ಲಿನ ಮೇಲೆ ಆ ಪ್ರಮಾಣ ತಲುಪಬೇಕಾದರೆ ಬೆಳಗಿನ ತನಕ ತೇಯುತ್ತಿರಬೇಕು. ಅಂದರೆ ಕೈಯ ಸೋಮಾರಿತನವೇ ಇಲ್ಲಿ ಕಾವಲುಗಾರ. ತೇಯುವವಳಿಗೆ ಕೂಸು ನಿನ್ನೆ ಎಷ್ಟು ಮಲಗಿತು, ಇವತ್ತು ಹೇಗೆ ಉಚ್ಚೆ-ಕಕ್ಕ ಮಾಡಿತು ಎಂಬುದು ಗೊತ್ತಿರುತ್ತದೆ. ಅದನ್ನು ನೋಡಿ ಒಂದು ಸುತ್ತು ಕಡಿಮೆ ಮಾಡುತ್ತಾಳೆ, ಒಂದು ದಿನ ಬಿಟ್ಟೇ ಬಿಡುತ್ತಾಳೆ. ಮದ್ದಿಗೆ ನಿಜವಾಗಿ ಗುಣವಿದೆಯೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಮಕ್ಕಳ ಡಾಕ್ಟರು ಆರು ತಿಂಗಳ ತನಕ ತಾಯಿಹಾಲು ಬಿಟ್ಟು ಏನನ್ನೂ ಕೊಡಬೇಡಿ, ವರ್ಷದೊಳಗೆ ಜೇನುತುಪ್ಪ ನೆಕ್ಕಿಸಲೇಬೇಡಿ ಎನ್ನುತ್ತಾರೆ, ಅದು ಸರಿ. ಬಜೆಯೂ ಸಾಧುವೇನಲ್ಲ: ಅದರೊಳಗಿನ ಅಸರೋನ್ ಅಂಶದ ಕಾರಣ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು.

ಇಷ್ಟು ಹೇಳಿದ್ದು ಯಾಕೆಂದರೆ, ಇದೇ ಕಲ್ಲಿನ ಮೇಲೆ, ಇದೇ ಸುತ್ತುಗಳ ನಡುವೆ, ಇನ್ನೊಂದು ವಸ್ತುವೂ ಇತ್ತು. ಪಶ್ಚಿಮ ಭಾರತದ ಎಷ್ಟೋ ಮನೆಗಳಲ್ಲಿ ಕೂಸನ್ನು ಮಲಗಿಸಲು ಕೊಡುತ್ತಿದ್ದದ್ದು ಅಫೀಮು. ಈಗಿನ ಗುಟ್ಟಿಯ ಪೊಟ್ಟಣದಲ್ಲಿ ಅದು ಇಲ್ಲ, ಯಾರ ನೆನಪಿನಲ್ಲೂ ಇದ್ದಂತಿಲ್ಲ. ಮನೆಮದ್ದಿನ ಬಗ್ಗೆ ನಾವು ಬರೆಯುವ, ಫಾರ್ವರ್ಡ್ ಮಾಡುವ ಯಾವ ಲೇಖನದಲ್ಲೂ ಅದರ ಸುದ್ದಿಯಿಲ್ಲ.

ಚರಕ, ಸುಶ್ರುತರಲ್ಲಿ ಅಫೀಮು ಕಾಣುವುದಿಲ್ಲ. ಅರಬ್ಬೀ ವೈದ್ಯದ ಜೊತೆ, ಅರಬ್ಬೀ ವ್ಯಾಪಾರದ ಜೊತೆ ಬಂದ ವಸ್ತು ಅದು. ಮಧ್ಯಯುಗದ ಶಾರ್ಙ್ಗಧರ ಸಂಹಿತೆಯ ಹೊತ್ತಿಗೆ ಆಯುರ್ವೇದದಲ್ಲಿ ಅದಕ್ಕೊಂದು ಸಂಸ್ಕೃತ ಹೆಸರೂ ಹುಟ್ಟಿತ್ತು: ಅಹಿಫೇನ, ಹಾವಿನ ನೊರೆ. ಅಫ್ಯೂನ್ ಎಂಬ ಪದಕ್ಕೆ ಪಂಡಿತರು ತೊಡಿಸಿದ ಪಂಚೆ ಅದು. ನಮ್ಮ ‘ಗಸಗಸೆ’ಯೂ ಪಾರ್ಸಿಯ ಖಶ್‌ಖಾಶ್‌ನಿಂದ ಬಂದದ್ದೇ. ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯ 1563ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಜಾಯಿಕಾಯಿಗೂ ಅಫೀಮಿಗೂ ಬೇರೆ ಬೇರೆ ಸಂವಾದಗಳಿವೆ. ಈ ಓರ್ತಾನೇ ಆಗಿನ ಮುಂಬಯಿ ದ್ವೀಪವನ್ನು ಗುತ್ತಿಗೆ ಹಿಡಿದಿದ್ದವನು ಎಂಬುದು ಮುಂಬಯಿಕರರಿಗೆ ಒಂದು ಚಿಕ್ಕ ಖುಷಿ.

ಮಾಜಿವಾಡಾದಿಂದ ಬಾಳ್ಕುಮ್ ಕಡೆ ಹೋಗುವ ರಸ್ತೆಗೆ ಈಗಲೂ ಓಲ್ಡ್ ಆಗ್ರಾ ರೋಡ್ ಎಂದೇ ಹೆಸರು. ಮುಂಬಯಿಯಿಂದ ನಾಸಿಕ್, ಧುಳೆ, ಇಂದೋರ್ ಹಾದು ಆಗ್ರಾ ಮುಟ್ಟುವ ಹಳೆಯ ಹೆದ್ದಾರಿ ಅದು. ರೈಲು ಬರುವ ಮುಂಚೆ ಮಾಳವದ ಅಫೀಮು ಮುಂಬಯಿ ಬಂದರಿಗೆ ಇಳಿಯುತ್ತಿದ್ದ ದಾರಿಗಳಲ್ಲಿ ಇದೂ ಒಂದು. ಇಂದೋರ್, ಉಜ್ಜಯಿನಿ, ಮಂದಸೌರ್ ಕಡೆಯ ಗಸಗಸೆ ಹೊಲಗಳು ದೇಶೀ ಸಂಸ್ಥಾನಗಳಲ್ಲಿದ್ದುದರಿಂದ ಬಂಗಾಳದಂತೆ ಕಂಪನಿ ಅಲ್ಲಿ ನೇರವಾಗಿ ಏಕಸ್ವಾಮ್ಯ ನಡೆಸಲು ಆಗಲಿಲ್ಲ. ಹಾಗಾಗಿ 1831ರಿಂದ ಪೆಟ್ಟಿಗೆಗೆ ಇಷ್ಟು ಎಂದು ಪಾಸಿನ ಹಣ ವಸೂಲಿ ಮಾಡಿ ಮುಂಬಯಿಗೆ ಬಿಡುತ್ತಿತ್ತು. 1843ರಲ್ಲಿ ಸಿಂಧ್ ಬ್ರಿಟಿಷರ ಕೈಗೆ ಬಿದ್ದ ಮೇಲೆ ಕರಾಚಿ-ದಾಮನ್ ಕಳ್ಳದಾರಿ ಮುಚ್ಚಿತು, ಪಾಸಿನ ದರ ಏರುತ್ತ ಹೋಯಿತು. ಚೀನಾಕ್ಕೆಂದು ಹೊರಟ ಈ ಸರಕಿನ ಒಂದು ಪಾಲು ಊರೊಳಗಿನ ಪರವಾನಗಿ ಅಂಗಡಿಗಳಲ್ಲಿ ಚಿಲ್ಲರೆಯಾಗಿ ಮಾರಾಟವಾಗುತ್ತಿತ್ತು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲವೂ ಮುಂಬಯಿ ಇಲಾಖೆಯೊಳಗೇ ಇದ್ದವು. ಅದೇ ಕಾನೂನು, ಅದೇ ಪರವಾನಗಿ.

ಚೀನಾಕ್ಕೆ ಅಫೀಮು ಮಾರುವುದರ ವಿರುದ್ಧ ಇಂಗ್ಲೆಂಡಿನಲ್ಲಿ ಕೂಗು ಜೋರಾದಾಗ 1893ರಲ್ಲಿ ರಾಯಲ್ ಕಮಿಷನ್ ಒಂದನ್ನು ಕೂರಿಸಿದರು. ಲಾರ್ಡ್ ಬ್ರಾಸಿ ಅದರ ಅಧ್ಯಕ್ಷ. ದರ್ಭಂಗಾದ ಮಹಾರಾಜ ಮತ್ತು ಜುನಾಗಢದ ದಿವಾನರಾಗಿದ್ದ ಹರಿದಾಸ ವಿಹಾರಿದಾಸ ದೇಸಾಯಿ ಭಾರತೀಯ ಸದಸ್ಯರು. ಊರೂರು ಸುತ್ತಿ ನೂರಾರು ಸಾಕ್ಷಿಗಳನ್ನು ಕೇಳಿದರು. ಮಕ್ಕಳಿಗೆ ಅಫೀಮು ಕೊಡುವ ಸಂಗತಿ ಆ ಸಾಕ್ಷ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 1895ರಲ್ಲಿ ಬಂದ ವರದಿಯ ಒಟ್ಟು ಧಾಟಿ ಏನೆಂದರೆ: ಭಾರತದ ಜನ ಇದನ್ನು ಹಿತಮಿತವಾಗಿ ಬಳಸುತ್ತಾರೆ, ಇದು ಅವರ ಮನೆಮದ್ದು, ನಿಷೇಧದ ಅಗತ್ಯವಿಲ್ಲ. ಹೆನ್ರಿ ವಿಲ್ಸನ್ ಎಂಬ ಪಾರ್ಲಿಮೆಂಟ್ ಸದಸ್ಯನೊಬ್ಬ ಭಿನ್ನಮತ ಬರೆದಿಟ್ಟ. ಅಫೀಮಿನ ಆದಾಯ ಭೂಕಂದಾಯದ ನಂತರದ ದೊಡ್ಡ ಆದಾಯಗಳಲ್ಲೊಂದಾಗಿದ್ದ ಸರಕಾರಕ್ಕೆ ‘ಮನೆಮದ್ದು’ ಎಂಬ ಮಾತು ಎಷ್ಟು ಅನುಕೂಲವಾಗಿರಬೇಕು! ಅಜ್ಜಿಯ ಸಾಣೆಕಲ್ಲನ್ನು ಖಜಾನೆಗೆ ಅಡ್ಡ ಇಟ್ಟುಕೊಂಡಂತೆ. ಇದನ್ನು ಓದಿದ ಮೇಲೆ ಯಾರಾದರೂ ‘ತಲೆತಲಾಂತರದಿಂದ ಬಂದ ಮನೆಮದ್ದು’ ಎಂದ ಕೂಡಲೇ ನನ್ನ ಕಿವಿ ಸ್ವಲ್ಪ ನೆಟ್ಟಗಾಗುತ್ತದೆ.

ವರದಿ ಬಂದ ಹೊತ್ತಿಗೆ ಮುಂಬಯಿ ಬೇರೆಯೇ ಊರಾಗಿತ್ತು. 1854ರಲ್ಲಿ ಕಾವಸ್‌ಜಿ ದಾವರ್ ಶುರುಮಾಡಿದ ಮೊದಲ ಬಟ್ಟೆ ಗಿರಣಿಯ ಹಿಂದೆ ಪರೇಲ್, ಲಾಲ್‌ಬಾಗ್, ವರ್ಲಿಗಳಲ್ಲಿ ಚಿಮಣಿಗಳ ಕಾಡೇ ಎದ್ದಿತ್ತು. ರತ್ನಾಗಿರಿ, ಸಾತಾರಾಗಳಿಂದ, ದಖ್ಖನ್ನಿನ ಬರದ ತಾಲೂಕುಗಳಿಂದ ಬಂದವರು ಒಂದು ಕೋಣೆಯ ಚಾಳುಗಳಲ್ಲಿ ತುಂಬಿಕೊಂಡರು. ಗಿರಣಿ ಕಾರ್ಮಿಕರಲ್ಲಿ ಸುಮಾರು ಐದನೇ ಒಂದು ಪಾಲು ಹೆಂಗಸರು, ಹೆಚ್ಚಿನವರು ನೂಲು ಸುತ್ತುವ ಖಾತೆಗಳಲ್ಲಿ. 1891ರ ಫ್ಯಾಕ್ಟರಿ ಕಾಯ್ದೆ ಹೆಂಗಸರ ದುಡಿಮೆಗೆ ದಿನಕ್ಕೆ 11 ಗಂಟೆಯ ಮಿತಿ ಹಾಕಿತ್ತು. ಮಿತಿಯೇ ಅದು! ಹಳ್ಳಿಯಲ್ಲಿ ಹೊಲದ ಬದುವಿಗೆ ಜೋಲಿ ಕಟ್ಟಿ ಕೂಸನ್ನು ಮಲಗಿಸಿ, ಅತ್ತಾಗ ಹೋಗಿ ಎದೆಗೆ ಹಾಕಿಕೊಂಡವಳು ಇಲ್ಲಿ ಭೋಂಗಾ ಕೂಗಿದೊಡನೆ ಒಳಗೆ ಹೋಗಬೇಕು. ಅತ್ತೆ ಊರಲ್ಲಿ, ಅಜ್ಜಿ ಊರಲ್ಲಿ. ಸಾಣೆಕಲ್ಲು ಇದ್ದರೂ ತೇಯಲು ಹೊತ್ತಿಲ್ಲ.

ಆಗ ಬಂದದ್ದು ‘ಬಾಲಗೋಳಿ’. ಮಕ್ಕಳ ಗುಳಿಗೆ ಎಂದರ್ಥ. ಅಫೀಮು ಸೇರಿಸಿ ಕಟ್ಟಿದ ಚಿಕ್ಕ ಮಾತ್ರೆ. ಬೆಳಿಗ್ಗೆ ಒಂದು ಕೊಟ್ಟರೆ ತಾಯಿ ಗಿರಣಿಯಿಂದ ಬರುವ ತನಕ ಕೂಸು ಅಲುಗಾಡದೆ ಮಲಗಿರುತ್ತಿತ್ತು, ಚಾಳಿನಲ್ಲೋ, ಗಿರಣಿಯ ಒಳಗೇ ಹತ್ತಿಯ ರಾಶಿಯ ಪಕ್ಕದಲ್ಲೋ. 1921ರಲ್ಲಿ ಮುಂಬಯಿ ಸರಕಾರ ಗಿರಣಿ ಹೆಂಗಸರ ಬಾಣಂತನದ ಸ್ಥಿತಿ ತಿಳಿಯಲು ಡಾ. ಬಾರ್ನ್ಸ್ ಎಂಬ ವೈದ್ಯೆಯನ್ನು ನೇಮಿಸಿತು. ಆಕೆಯ ವರದಿ 1922ರಲ್ಲಿ ಸರಕಾರದ ಲೇಬರ್ ಗೆಜೆಟ್ಟಿನಲ್ಲಿ ಬಂತು. ಗಿರಣಿ ಹೆಂಗಸರಿಗೆ ಹುಟ್ಟಿದ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಕೊಡಲಾಗುತ್ತಿದೆ ಎಂದು ಅದರಲ್ಲಿತ್ತು. 98! ರೂಢಿ ಎನ್ನಲು ಬಾರದ ಅಂಕಿ ಅದು. ಯಾವ ಹಬ್ಬವನ್ನೂ ನೂರಕ್ಕೆ 98 ಮನೆಗಳು ಆಚರಿಸುವುದಿಲ್ಲ. ಹಾಗೆ ಎಲ್ಲರೂ ಒಂದೇ ಕೆಲಸ ಮಾಡುತ್ತಿದ್ದಾರೆ ಎಂದರೆ ಎಲ್ಲರ ಮೇಲೂ ಒಂದೇ ಗಡಿಯಾರ ಕೂತಿದೆ ಎಂದು ಅರ್ಥ.

ಅಫೀಮಿನಲ್ಲಿರುವ ಮಾರ್ಫಿನ್ ಅಳುವನ್ನು ಮಾತ್ರ ನಿಲ್ಲಿಸುವುದಿಲ್ಲ. ಹಸಿವನ್ನೂ ಮಲಗಿಸುತ್ತದೆ, ಕರುಳಿನ ಚಲನೆಯನ್ನೂ, ಹೆಚ್ಚಾದರೆ ಉಸಿರನ್ನೂ. ಎಳೆಯ ಕೂಸಿನ ದೇಹ ಅದನ್ನು ಬೇಗ ಹೊರಹಾಕಲಾರದು. ನಿನ್ನೆಯದರ ಮೇಲೆ ಇವತ್ತಿನದು ಕೂರುತ್ತದೆ. ಹಾಲು ಕೇಳದ ಕೂಸು ಸೊರಗುತ್ತದೆ, ಸೊರಗಿದ್ದು ಮೊದಲ ಭೇದಿಗೋ ಜ್ವರಕ್ಕೋ ಹೋಗಿಬಿಡುತ್ತದೆ. ದಾಖಲೆಯಲ್ಲಿ ಸಾವಿನ ಕಾರಣ ಭೇದಿ ಎಂದಿರುತ್ತದೆ, ಅಫೀಮು ಎಂದಲ್ಲ. 1921ರಲ್ಲಿ ಮುಂಬಯಿಯ ಒಂದು ಕೋಣೆಯ ಮನೆಗಳಲ್ಲಿ ಹುಟ್ಟಿದ ಸಾವಿರ ಶಿಶುಗಳಿಗೆ 828 ಸಾವು ಎಂದು ಲೆಕ್ಕ ಹಾಕಿದ್ದರು. ಊರಿಗೆ ಹೋಗಿ ಹೆತ್ತು ಬರುವ ತಾಯಂದಿರಿಂದಾಗಿ ಜನನದ ಲೆಕ್ಕ ತಪ್ಪುತ್ತಿತ್ತು, ಆದ್ದರಿಂದ ಈ ಅಂಕಿಯನ್ನು ಹಾಗೇ ನುಂಗಬಾರದು. ಅರ್ಧ ಮಾಡಿಕೊಂಡರೂ ಎದೆ ಧಸಕ್ಕೆನ್ನುತ್ತದೆ.

ಗಿರಣಿ ಮಾಲೀಕರ ಮಾತೂ, ಕೆಲವು ಅಧಿಕಾರಿಗಳ ಮಾತೂ ಒಂದೇ: ಇದು ಅಜ್ಞಾನಿ ಹೆಂಗಸರ ಹಳೆಯ ರೂಢಿ. ರಜಪೂತಾನಾ, ಗುಜರಾತ್, ಮಾಳವಗಳಲ್ಲಿ ಗಿರಣಿ ಬರುವ ಮೊದಲೇ ಈ ರೂಢಿ ಇತ್ತೆಂಬುದು ಸುಳ್ಳಲ್ಲ. ಅಲ್ಲೂ ಹೆಚ್ಚಾಗಿ ಹೊಲಕ್ಕೆ ಹೋಗುವ ಹೆಂಗಸರೇ ಕೊಡುತ್ತಿದ್ದರು. ಆದರೆ ಮುಂಬಯಿಯ ಗಿರಣಿಗೆ ಯಂತ್ರ, ಮಾದರಿ, ಎಂಜಿನಿಯರು ಎಲ್ಲ ಬಂದದ್ದು ಲ್ಯಾಂಕಶೈರಿನಿಂದ. ಆ ಲ್ಯಾಂಕಶೈರಿನ ಕೂಸುಗಳೂ ಇದನ್ನೇ ಕುಡಿದಿದ್ದವು. ‘ಗಾಡ್‌ಫ್ರೇಸ್ ಕಾರ್ಡಿಯಲ್’ ಎಂಬ, ಬೆಲ್ಲದ ಪಾಕದಲ್ಲಿ ಅಫೀಮು ಕಲೆಸಿದ ಔಷಧಿಯನ್ನು ಮ್ಯಾಂಚೆಸ್ಟರಿನ ಕಾರ್ಮಿಕರ ಮಕ್ಕಳಿಗೆ ಕುಡಿಸುವುದನ್ನು ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಅಮೆರಿಕದಲ್ಲಿ 1849ರಿಂದ ಮಾರಾಟವಾದ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ನಲ್ಲಿ ಮಾರ್ಫಿನ್ ಇತ್ತು; 1906ರ ಕಾಯ್ದೆ ಬಂದ ಮೇಲೆ ಶೀಶೆಯ ಮೇಲೆ ಅದನ್ನು ಅಚ್ಚು ಹಾಕಲೇಬೇಕಾಯಿತು. ಹೀಗೆ ಮೂರು ಖಂಡಗಳಲ್ಲಿ, ಬೇರೆ ಬೇರೆ ಧರ್ಮದ, ಬೇರೆ ಬೇರೆ ಭಾಷೆಯ ತಾಯಂದಿರು ಒಂದೇ ಕೆಲಸ ಮಾಡಿದ್ದನ್ನು ‘ಭಾರತೀಯ ರೂಢಿ’ ಎಂದು ಕರೆಯುವುದು ಹೇಗೆ?

ಸಾಣೆಕಲ್ಲಿಗೂ ಬಾಲಗೋಳಿಗೂ ಇರುವ ವ್ಯತ್ಯಾಸ ಮೊದಲು ನನಗೆ ಬರೀ ವಸ್ತುವಿನದು ಎನ್ನಿಸಿತ್ತು: ಒಂದು ಸಾಧು, ಒಂದು ವಿಷ. ಯೋಚಿಸುತ್ತ ಹೋದಂತೆ ಅಳತೆಯ ವ್ಯತ್ಯಾಸ ಅದಕ್ಕಿಂತ ದೊಡ್ಡದಾಗಿ ಕಂಡಿತು. ಸುತ್ತಿನ ಲೆಕ್ಕದಲ್ಲಿ ಕೂಸನ್ನು ನೋಡಿ ಮದ್ದು ನಿರ್ಧಾರವಾಗುತ್ತದೆ. ಗುಳಿಗೆಯಲ್ಲಿ ಗಿರಣಿಯ ಪಾಳಿ ನೋಡಿ ನಿರ್ಧಾರವಾಗುತ್ತದೆ: ಇಷ್ಟು ಗಂಟೆ ಮಲಗಬೇಕು, ಅದಕ್ಕೆ ಒಂದು. ಕಟ್ಟಿದವನು ಯಾರೋ, ಒಂದರೊಳಗೆ ಎಷ್ಟಿದೆಯೋ. ಆಫೀಸಿನಲ್ಲಿ ಇಪ್ಪತ್ತು ವರ್ಷ ಡೆಡ್‌ಲೈನ್‌ಗೆ ತಕ್ಕಂತೆ ಮನುಷ್ಯರನ್ನು ಜೋಡಿಸುವ ಕೆಲಸ ಮಾಡಿದವನಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಇದರ ಮುಂದಿನ ಕತೆ ನಿಧಾನದ್ದು. 1929ರಲ್ಲಿ ಮುಂಬಯಿ ಹೆರಿಗೆ ಸೌಲಭ್ಯ ಕಾಯ್ದೆ ಬಂತು. ಅದೇ ವರ್ಷ ನೇಮಕವಾದ ವ್ಹಿಟ್ಲೀ ಕಮಿಷನ್ 1931ರ ತನ್ನ ವರದಿಯಲ್ಲಿ ಗಿರಣಿ ಮಕ್ಕಳ ಅಫೀಮಿನ ವಿಷಯವನ್ನೂ ಶಿಶುಗೃಹದ ಅಗತ್ಯವನ್ನೂ ಎತ್ತಿತು. ಕೆಲವು ಗಿರಣಿಗಳು ಅಷ್ಟರಲ್ಲಾಗಲೇ ತೊಟ್ಟಿಲ ಕೋಣೆ ತೆರೆದಿದ್ದವು. 1948ರ ಫ್ಯಾಕ್ಟರಿ ಕಾಯ್ದೆಯ 48ನೇ ಕಲಮು ಶಿಶುಗೃಹವನ್ನು ಕಡ್ಡಾಯ ಮಾಡಿತು. 1949ರ ಅಖಿಲ ಭಾರತ ಅಫೀಮು ಸಮ್ಮೇಳನ, ಹತ್ತು ವರ್ಷದೊಳಗೆ ಔಷಧೇತರ ಬಳಕೆಯನ್ನು ಪೂರ್ತಿ ನಿಲ್ಲಿಸುವುದೆಂದು ಗೊತ್ತುಮಾಡಿತು. ಬಾಲಗೋಳಿಯ ಹೆಸರು ಹೀಗೆ ಮುಂಬಯಿಯ ಬಾಯಿಂದ ಮರೆಯಾಯಿತು. ಗಿರಣಿಗಳಲ್ಲಿ ಹೆಂಗಸರ ಸಂಖ್ಯೆಯೂ ಇಳಿಯುತ್ತ ಬಂತು. ಹೆರಿಗೆ ಭತ್ಯೆ, ತೊಟ್ಟಿಲ ಕೋಣೆ ಕೊಡುವುದಕ್ಕಿಂತ ಹೆಂಗಸರನ್ನೇ ತೆಗೆದುಕೊಳ್ಳದಿರುವುದು ಮಾಲೀಕರಿಗೆ ಅಗ್ಗವಾಗಿ ಕಂಡದ್ದೂ ಅದಕ್ಕೊಂದು ಕಾರಣ. ಆ ಕತೆ ಬೇರೆ.

ಗಸಗಸೆಯ ಮೇಲೆ ಇಲ್ಲಿ ಅನುಮಾನ ಬರಬಾರದು, ಅದಕ್ಕೆ ಒಂದು ಮಾತು. ಅಫೀಮು ಎಂದರೆ ಹಸಿ ಕಾಯಿಯ ಸಿಪ್ಪೆಗೆ ಗೀರು ಹಾಕಿದಾಗ ಸುರಿಯುವ ಹಾಲು. ಬೀಜ ಬೇರೆ; ಅದರೊಳಗೆ ಆ ಗುಣ ಇಲ್ಲವೆನ್ನುವಷ್ಟು ಕಡಿಮೆ, ಮೇಲೆ ಅಂಟಿದ್ದರೂ ತೊಳೆದರೆ ಬಹಳಷ್ಟು ಹೋಗುತ್ತದೆ. 1985ರ ಮಾದಕವಸ್ತು ಕಾಯ್ದೆಯೂ ಬೀಜವನ್ನು ಹೊರಗಿಟ್ಟಿದೆ. ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಮೂರರ ತನಕ ಗೊರಕೆ ಹೊಡೆಯುವುದಕ್ಕೆ ಹೋಳಿಗೆ, ತುಪ್ಪ, ಅನ್ನಗಳೂ ಜವಾಬ್ದಾರಿ. ಆದರೆ ದುಬೈಗೆ, ಸಿಂಗಪುರಕ್ಕೆ ಹೋಗುವವರು ಅವ್ವ ಕಟ್ಟಿಕೊಟ್ಟ ಗಸಗಸೆ ಪೊಟ್ಟಣವನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಅಲ್ಲಿನ ಕಾನೂನಿಗೆ ಬೀಜ, ಹಾಲು ಎಂಬ ಭೇದವಿಲ್ಲ.

ನಮ್ಮ ತಲೆಮಾರು ಕುಡಿದು ಬೆಳೆದದ್ದು ಗ್ರೈಪ್ ವಾಟರ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ವಿಲಿಯಂ ವುಡ್‌ವರ್ಡ್ 1851ರಲ್ಲಿ ಮಾಡಿದ ಆ ನೀರಿನಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ ಇದ್ದವು, ಜೊತೆಗೆ ನೂರಕ್ಕೆ 3.6ರಷ್ಟು ಆಲ್ಕೋಹಾಲು. ಬ್ರಿಟನ್ನಿನಲ್ಲಿ ಆಲ್ಕೋಹಾಲನ್ನು ತೆಗೆದದ್ದು 1992ರಲ್ಲಿ. ಸಬ್ಬಸಿಗೆ ಸೊಪ್ಪಿನ ಪಲ್ಯ ಬಾಣಂತಿಗೆ ಬಡಿಸುವ ನಮ್ಮ ಅಜ್ಜಿಯಂದಿರಿಗೆ ಮೊದಲ ಅರ್ಧ ಹೊಸದೇನಲ್ಲ. ಎರಡನೇ ಅರ್ಧದ ಸುದ್ದಿ ಅವರಿಗೆ ಗೊತ್ತಿದ್ದರೆ ಶೀಶೆಯನ್ನು ದೇವರ ಗೂಡಿನ ಪಕ್ಕದಲ್ಲಿ ಇಡುತ್ತಿರಲಿಲ್ಲ.

ಇನ್ನೊಂದು ಗಿಡದ ಕತೆಯನ್ನೂ ಹೇಳಬೇಕು, ಯಾಕೆಂದರೆ ‘ಗಿಡಮೂಲಿಕೆ ತಾನೇ, ಏನೂ ಆಗಲ್ಲ’ ಎನ್ನುವವರಿಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಸರ್ಪಗಂಧದ ಬೇರನ್ನು ಬಿಹಾರದ ಬಡವರು ಮಕ್ಕಳನ್ನು ಮಲಗಿಸಲು ಕೊಡುತ್ತಿದ್ದರು. ಅಲ್ಲಿ ಅದಕ್ಕೆ ‘ಪಾಗಲ್ ಕಿ ದವಾ’ ಎಂದೂ ಹೆಸರಿತ್ತು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ಹುಚ್ಚಿಗೂ ರಕ್ತದೊತ್ತಡಕ್ಕೂ ಆಗುತ್ತದೆ ಎಂದು ಬರೆದರು. 1949ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯ ಡಾ. ರುಸ್ತುಂ ಜಾಲ್ ವಕೀಲರು ರೋಗಿಗಳ ಮೇಲಿನ ಪರೀಕ್ಷೆಯನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದಾಗ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಅದರಿಂದ ರೆಸರ್ಪಿನ್ ಬೇರ್ಪಡಿಸಿತು. ಅದು ಮಾನಸಿಕ ಆಸ್ಪತ್ರೆಗಳ ಚರಿತ್ರೆಯನ್ನೇ ಬದಲಿಸಿದ ಔಷಧಿಗಳಲ್ಲೊಂದು. ಜೊತೆಗೆ ಕೆಲವರನ್ನು ತೀವ್ರ ಖಿನ್ನತೆಗೆ ತಳ್ಳಿದ್ದೂ ಅದೇ. ಬಿಹಾರದ ಕೂಸುಗಳ ನಾಲಿಗೆಗೆ ಹಚ್ಚುತ್ತಿದ್ದ ಬೇರಿನೊಳಗೆ ಇದ್ದದ್ದು ಇಷ್ಟು.

ಈಗ ಮಾಜಿವಾಡಾದ ಟವರುಗಳಲ್ಲಿ ರಾತ್ರಿ ಒಂಬತ್ತೂವರೆಗೆ ಅಮೆರಿಕದ ಕಾಲ್ ಶುರುವಾಗುತ್ತದೆ. ಗಂಡ ಒಂದು ಕೋಣೆ, ಹೆಂಡತಿ ಇನ್ನೊಂದು ಕೋಣೆ, ನಡುವೆ ನಿದ್ದೆ ಬಾರದ ಮಗು. ನಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೆಲಟೋನಿನ್ ಗಮ್ಮಿಗಳ ಲಿಂಕು ಆಗಾಗ ಬರುತ್ತದೆ: ಹಣ್ಣಿನ ರುಚಿ, ಕರಡಿಮರಿಯ ಆಕಾರ, ‘ನ್ಯಾಚುರಲ್’ ಎಂಬ ಹಸಿರು ಎಲೆಯ ಮುದ್ರೆ. ಅಮೆರಿಕದಲ್ಲಿ ಮಕ್ಕಳು ಮೆಲಟೋನಿನ್ ನುಂಗಿದ ಬಗ್ಗೆ ವಿಷ ಸಹಾಯವಾಣಿಗಳಿಗೆ 2012ರಲ್ಲಿ 8,337 ಪ್ರಕರಣ ವರದಿಯಾಗಿದ್ದವು, 2021ರಲ್ಲಿ 52,563. 2023ರಲ್ಲಿ 25 ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿಗೂ ಒಳಗಿದ್ದದ್ದಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಿ ಬರೆದದ್ದರ ಮೂರೂವರೆ ಪಟ್ಟು ಇತ್ತು, ಇನ್ನೊಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. ಮಲಗಲಿ ಎಂದೇ ನೆಗಡಿ ಸಿರಪ್ ಒಂದು ಚಮಚ ಕೊಡುವವರೂ ಇದ್ದಾರೆ. ಕ್ಲೋರ್‌ಫೆನಿರಮೈನ್ ಮತ್ತು ಫೀನೈಲೆಫ್ರಿನ್ ಬೆರೆತ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ನಮ್ಮ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಹೇಳಿದ್ದಾರೆ. ಅಫೀಮಿನ ಜೊತೆ ಇವನ್ನು ತೂಗುವುದು ಅನ್ಯಾಯ, ಅಷ್ಟು ಕ್ರೂರವಲ್ಲ ಇವು. ಆದರೆ ಮಗುವಿನ ನಿದ್ದೆ ಯಾರ ಗಡಿಯಾರಕ್ಕೆ ಸರಿಹೊಂದಬೇಕು ಎಂಬ ಪ್ರಶ್ನೆ ಹಳೆಯದೇ. ನಮ್ಮ ಮನೆಯಲ್ಲಿ ವಾರಕ್ಕೆರಡು ದಿನ ನನ್ನ ಕಾಲನ್ನು ಹತ್ತೂವರೆಗೆ ತಳ್ಳಿಸಿಕೊಂಡಿದ್ದೇನೆ. ಮಗಳಿಗೀಗ ಒಂಬತ್ತು ವರ್ಷ. ಬಿಸಿ ಹಾಲಿಗೆ ಚಿಟಿಕೆ ಅರಿಶಿನ, ಎರಡು ಸುತ್ತು ಜಾಯಿಕಾಯಿ ಈಗಲೂ ಬೀಳುತ್ತದೆ. ನಿದ್ದೆ ತರುವುದು ಜಾಯಿಕಾಯಿಯೋ, ಅದನ್ನು ತೇಯುತ್ತ ಪಕ್ಕದಲ್ಲಿ ಕೂತ ಹತ್ತು ನಿಮಿಷವೋ ಎಂದು ನನ್ನನ್ನು ಕೇಳಿದರೆ ಹತ್ತು ನಿಮಿಷ ಎಂದೇ ಹೇಳುತ್ತೇನೆ.

ಬಾಳ್ಕುಮ್, ಕೋಲ್‌ಶೇತ್ ಕಡೆ ಹಿಂದೆ ಇದ್ದ ರಾಸಾಯನಿಕ, ಔಷಧ ಕಾರ್ಖಾನೆಗಳ ಜಾಗದಲ್ಲಿ ಈಗ ಟವರುಗಳು ಏಳುತ್ತಿವೆ. ಅವನ್ನು ಕಟ್ಟುತ್ತಿರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕನ್ನಡದವರು ಬಹಳ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 35ನೇ ಕಲಮಿನಂತೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹ ಇರಬೇಕಿತ್ತು. 49 ಮಂದಿ ಇದ್ದರೆ ಬೇಕಿರಲಿಲ್ಲ. ಕಟ್ಟಡದ ಸೈಟುಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮೊಬೈಲ್ ಕ್ರೆಶ್ ಎಂಬ ಸಂಸ್ಥೆ ದೆಹಲಿಯಲ್ಲಿ 1969ರಿಂದ ಇದೆ, ಆಮೇಲೆ ಮುಂಬಯಿಗೂ ಬಂತು. ಎಲ್ಲ ಸೈಟಿಗೂ ಅವರು ಎಲ್ಲಿಂದ ಮುಟ್ಟಬೇಕು? ಕಳೆದ ಬೇಸಿಗೆಯಲ್ಲಿ ನಮ್ಮ ಕಂಪೌಂಡಿನಾಚೆಯ ಸೈಟಿನಲ್ಲಿ ಎರಡು ಕಂಬಿಗಳ ನಡುವೆ ಸೀರೆಯ ಜೋಲಿ ಕಟ್ಟಿದ್ದರು. ಒಳಗೆ ಐದಾರು ತಿಂಗಳ ಕೂಸು. ತಾಯಿ ಯಾದಗಿರಿ ಕಡೆಯಾಕೆ. ಇಷ್ಟು ಗದ್ದಲದಲ್ಲಿ ಹೇಗಮ್ಮ ಮಲಗುತ್ತದೆ, ಏನಾದರೂ ಕೊಡುತ್ತೀರಾ ಎಂದು ಕೇಳಿದೆ. “ಏನ್ ಕೊಡಾದ್ರೀ ಸಾರ್, ಏನಿಲ್ಲ. ಮಿಷನ್ ನಡೆದಷ್ಟೊತ್ತು ಮಕ್ಕೊಂಡೇ ಇರತೈತಿ. ಊಟಕ್ಕಂತ ಮಿಷನ್ ಬಂದ್ ಮಾಡಿದ್ರ ಎದ್ದು ಅಳತೈತಿ” ಎಂದಳು.